ಸೇತುವೆ ಎಷ್ಟು ಭಾರ ಹೊರಬೇಕು? ಎಲ್ಲೂ ಓಡದ ಲಾರಿಯೊಂದು ಹೇಳುವ ಲೆಕ್ಕ

ಹೊಸ ಸೇತುವೆಯೊಂದು ಉದ್ಘಾಟನೆಯಾಗುವ ಮೊದಲು ಅದರ ಮೇಲೆ ಜಲ್ಲಿಯೋ ಮರಳೋ ತುಂಬಿದ ಟಿಪ್ಪರ್‌ಗಳನ್ನು ಸಾಲಾಗಿ ನಿಲ್ಲಿಸಿರುವ ಫೋಟೊ ವಾಟ್ಸಾಪ್‌ನಲ್ಲಿ ಹರಿದಾಡುವುದನ್ನು ನೀವೂ ನೋಡಿರಬಹುದು. ಅದರ ಕೆಳಗೆ ಸಾಮಾನ್ಯವಾಗಿ ಎರಡು ಬಗೆಯ ಮಾತು ಇರುತ್ತದೆ. ಒಂದು, ‘ಸೇತುವೆ ಬೀಳುತ್ತಾ ಇಲ್ಲವಾ ಅಂತ ನೋಡ್ತಿದ್ದಾರೆ’. ಇನ್ನೊಂದು, ‘ಇಷ್ಟೊಂದು ಲಾರಿ ಒಟ್ಟಿಗೆ ಯಾವತ್ತೂ ಬರಲ್ಲ, ಸುಮ್ಮನೆ ಶೋ’. ಎರಡೂ ಸರಿಯಲ್ಲ. ಅದೇ ರೀತಿ ಹಳೆ ಸೇತುವೆಯ ಮುಂದೆ ‘16 ಟನ್ ಮಾತ್ರ’ ಎಂಬ ಬೋರ್ಡ್ ಕಂಡಾಗ ‘17 ಟನ್ ಹೋದರೆ ಬೀಳುತ್ತಾ?’ ಎಂದು ಕೇಳುವವರೂ ಇದ್ದಾರೆ. ಇದಕ್ಕೆಲ್ಲ ಉತ್ತರ ಬೇಕೆಂದರೆ ಎಂಜಿನಿಯರ್‌ಗಳು ಗರ್ಡರ್ ವಿನ್ಯಾಸ ಮಾಡುವಾಗ ವಾಹನದ ಭಾರವನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಸ್ವಲ್ಪ ತಿಳಿಯಬೇಕು.

ಸೇತುವೆ ಹೊರುವ ಭಾರದಲ್ಲಿ ಒಂದು ಭಾಗ ಅದರದ್ದೇ ತೂಕ. ಕಾಂಕ್ರೀಟ್, ಕಬ್ಬಿಣ, ಮೇಲಿನ ಡಾಂಬರು, ಬದಿಯ ತಡೆಗೋಡೆ ಎಲ್ಲವೂ ಇದರಲ್ಲಿ ಬರುತ್ತವೆ. ಇದು ಡೆಡ್ ಲೋಡ್. ನಕ್ಷೆ ಕೈಯಲ್ಲಿದ್ದರೆ ಇದನ್ನು ಹೆಚ್ಚುಕಡಿಮೆ ನಿಖರವಾಗಿ ಹೇಳಬಹುದು. ಬಂದು ಹೋಗುವ ವಾಹನಗಳದ್ದು ಲೈವ್ ಲೋಡ್. ಕಷ್ಟ ಇರುವುದು ಇಲ್ಲಿ. ಇವತ್ತು ಕಟ್ಟುವ ಸೇತುವೆಯನ್ನು 100 ವರ್ಷ ಬಾಳಬೇಕೆಂದು ವಿನ್ಯಾಸ ಮಾಡುತ್ತಾರೆ. 2100ನೇ ಇಸವಿಯಲ್ಲಿ ಎಂಥ ಲಾರಿ ಓಡುತ್ತದೆ, ಎಷ್ಟು ತುಂಬಿಕೊಂಡು ಬರುತ್ತದೆ, ಪಕ್ಕದಲ್ಲಿ ಇನ್ನೊಂದು ಲಾರಿ ಇರುತ್ತದೋ ಇಲ್ಲವೋ, ಯಾರಿಗೆ ಗೊತ್ತು?

ಹಾಗಾಗಿ ಎಂಜಿನಿಯರ್‌ಗಳು ನಿಜವಾದ ವಾಹನಗಳ ಪಟ್ಟಿ ಹಿಡಿದು ಕೂರುವುದಿಲ್ಲ. ಒಂದು ಕಾಲ್ಪನಿಕ ವಾಹನವನ್ನು ಕಾಗದದ ಮೇಲೆ ಓಡಿಸುತ್ತಾರೆ.

ಹುಡುಕಿದರೂ ಸಿಗದ ಲಾರಿ

ನಮ್ಮ ದೇಶದಲ್ಲಿ ಈ ನಿಯಮಗಳನ್ನು ರೂಪಿಸುವುದು 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಹೆಸರಲ್ಲಿ ಕಾಂಗ್ರೆಸ್ ಇದ್ದರೂ ರಾಜಕೀಯಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ರಸ್ತೆ ಎಂಜಿನಿಯರ್‌ಗಳ ಸಂಸ್ಥೆ. ಇದರ ‘ಐಆರ್‌ಸಿ 6’ ಎಂಬ ಸಂಹಿತೆಯಲ್ಲಿ ಸೇತುವೆಗೆ ಬೀಳುವ ಭಾರಗಳ ವಿವರ ಇದೆ. ಅದರಲ್ಲಿ ಬರುವ ‘ಕ್ಲಾಸ್ ಎ’ ವಾಹನ ಹೀಗಿದೆ: ಒಟ್ಟು ಎಂಟು ಆಕ್ಸಲ್. ಮುಂದಿನ ಎರಡರ ಮೇಲೆ ತಲಾ 2.7 ಟನ್, ನಂತರದ ಎರಡರ ಮೇಲೆ ತಲಾ 11.4 ಟನ್, ಹಿಂದಿನ ನಾಲ್ಕರ ಮೇಲೆ ತಲಾ 6.8 ಟನ್. ಕೂಡಿದರೆ 55.4 ಟನ್. ಮೊದಲ ಆಕ್ಸಲ್‌ನಿಂದ ಕೊನೆಯದಕ್ಕೆ 18.8 ಮೀಟರ್. ಒಂದು ಲಾರಿಯ ಹಿಂದೆ ಟ್ರೇಲರ್‌ಗಳನ್ನು ಕಟ್ಟಿದ ಹಾಗೆ ಕಾಣುತ್ತದೆ. ಇದನ್ನು ಯಾವ ಕಂಪನಿಯೂ ತಯಾರಿಸುವುದಿಲ್ಲ, ಯಾವ ಆರ್‌ಟಿಒದಲ್ಲೂ ಇದರ ನೋಂದಣಿ ಇಲ್ಲ.

ಇದರ ತಮ್ಮ ‘ಕ್ಲಾಸ್ ಬಿ’. ಆಕ್ಸಲ್‌ಗಳ ಅಂತರ ಅದೇ, ತೂಕ ಮಾತ್ರ 33.2 ಟನ್. ಮರದ ಸೇತುವೆಗಳಂಥವಕ್ಕೆ ಇಟ್ಟದ್ದು. ಇದರ ಅಣ್ಣ ‘70 ಆರ್’. ಇದಕ್ಕೆ ಒಂದಕ್ಕಿಂತ ಹೆಚ್ಚು ರೂಪಗಳಿವೆ: ಸೇನೆಯ ಟ್ಯಾಂಕಿನಂತೆ ಪಟ್ಟಿಯ ಮೇಲೆ ಓಡುವ, 70 ಟನ್ ತೂಕವನ್ನು ಬರೇ 4.57 ಮೀಟರ್ ಉದ್ದದಲ್ಲಿ ಊರುವ ವಾಹನ. ಏಳು ಆಕ್ಸಲ್‌ಗಳ ಮೇಲೆ 100 ಟನ್ ಹೊತ್ತ ಚಕ್ರದ ವಾಹನ. ಜೊತೆಗೆ ಹತ್ತಿರ ಹತ್ತಿರ ಇರುವ ಎರಡು ಆಕ್ಸಲ್‌ಗಳ ಮೇಲೆ 40 ಟನ್. ಎರಡು ಲೇನ್‌ನ ಸೇತುವೆಯಾದರೆ ಎರಡು ಕ್ಲಾಸ್ ಎ ವಾಹನಗಳನ್ನು ಅಕ್ಕಪಕ್ಕ ಓಡಿಸಿ ನೋಡಬೇಕು, ಆಮೇಲೆ ಒಂದೇ ಒಂದು 70 ಆರ್ ಓಡಿಸಿ ನೋಡಬೇಕು. ಯಾವುದು ಹೆಚ್ಚು ಕಷ್ಟ ಕೊಡುತ್ತದೋ ಅದಕ್ಕೆ ತಕ್ಕಂತೆ ಗರ್ಡರ್ ಕಟ್ಟಬೇಕು.

ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಅಮೆರಿಕದಲ್ಲಿ ಬಹುಕಾಲ ಮೂರು ಆಕ್ಸಲ್‌ನ 72,000 ಪೌಂಡ್ ತೂಕದ ಕಾಲ್ಪನಿಕ ಲಾರಿಯೊಂದು ಸೇತುವೆಗಳನ್ನು ಆಳಿತು. ಈಗಿನ ನಿಯಮದಲ್ಲಿ ಅದೇ ಲಾರಿಯ ಜೊತೆಗೆ ಇಡೀ ಲೇನ್ ಮೇಲೆ ಹಾಸಿದಂಥ ಭಾರವನ್ನೂ ಸೇರಿಸುತ್ತಾರೆ. ಆ ನಿಯಮದ ಹಿಂದೆ ಕೆನಡಾದ ಒಂಟಾರಿಯೊದಲ್ಲಿ 1975ರಲ್ಲಿ ತೂಗಿದ 9,250 ಲಾರಿಗಳ ಅಂಕಿಅಂಶ ಇದೆ. ಯುರೋಪಿನ ನಿಯಮಕ್ಕೆ ಫ್ರಾನ್ಸಿನ ಓಸೇರ್ ಬಳಿಯ ಹೆದ್ದಾರಿಯಲ್ಲಿ ಅಳೆದ ವಾಹನ ಸಂಚಾರ ಆಧಾರ. ಅಂದರೆ ಲಾರಿ ಕಾಲ್ಪನಿಕವಾದರೂ ಅದು ಕೊಡುವ ಕಷ್ಟ ನಿಜವಾದ ಲಾರಿಗಳು ಕೊಡುವ ಕಷ್ಟಕ್ಕೆ ಹೊಂದಬೇಕು. ಗಮನಿಸಬೇಕಾದ ಮಾತು ಇದೇ. ತೂಕ ಹೊಂದಬೇಕಾಗಿಲ್ಲ, ಪರಿಣಾಮ ಹೊಂದಿದರೆ ಸಾಕು.

ಒಟ್ಟು ತೂಕ ನೋಡಿ ಹೆದರುವವರಿಗೆ

ಚರಂಡಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ನಡೆಯುವಾಗ ಯಾವಾಗ ಹೆಚ್ಚು ಬಗ್ಗುತ್ತದೆ? ನಡುವೆ ನಿಂತಾಗ. ತುದಿಯ ಹತ್ತಿರ ನಿಂತರೆ ಅಷ್ಟು ಬಗ್ಗುವುದಿಲ್ಲ. ಗರ್ಡರ್‌ಗೂ ಇದೇ ನಿಯಮ. ಬಗ್ಗಿಸುವ ಈ ಪರಿಣಾಮಕ್ಕೆ ಬೆಂಡಿಂಗ್ ಮೊಮೆಂಟ್ ಎನ್ನುತ್ತಾರೆ, ಟನ್-ಮೀಟರ್‌ನಲ್ಲಿ ಅಳೆಯುತ್ತಾರೆ. 6 ಮೀಟರ್ ಅಗಲದ ಮೋರಿಯ ನಟ್ಟನಡುವೆ 10 ಟನ್ ಆಕ್ಸಲ್ ನಿಂತರೆ ಅದು 15 ಟನ್-ಮೀಟರ್. ಅದೇ ಆಕ್ಸಲ್ ತುದಿಯಿಂದ 1 ಮೀಟರ್‌ನಲ್ಲಿದ್ದರೆ ಸುಮಾರು 8 ಮಾತ್ರ. ಆದರೆ ತುದಿಗೆ ಬಂದಾಗ ಬೇರೆ ತೊಂದರೆ ಇದೆ: ಬಹುಪಾಲು ತೂಕ ಆ ತುದಿಯ ಮೇಲೇ ಬಿದ್ದು, ಗರ್ಡರನ್ನು ಅಲ್ಲಿ ಕತ್ತರಿಸುವಂತೆ ಒತ್ತುತ್ತದೆ. ಆದ್ದರಿಂದ ವಾಹನವನ್ನು ಕಾಗದದ ಮೇಲೆ ಅಂಗುಲ ಅಂಗುಲವಾಗಿ ಸರಿಸಿ, ಪ್ರತಿ ಜಾಗಕ್ಕೂ ಯಾವ ನಿಲುವು ಅತಿ ಕೆಟ್ಟದ್ದು ಎಂದು ಹುಡುಕಬೇಕು. ಹಿಂದೆ ಇದನ್ನು ಕೈಯಲ್ಲಿ ಗ್ರಾಫ್ ಬಿಡಿಸಿ ಮಾಡುತ್ತಿದ್ದರು. ಈಗ ಕಂಪ್ಯೂಟರ್ ಮಾಡುತ್ತದೆ. ಲೆಕ್ಕ ಮಾತ್ರ ಅದೇ.

ನಾವೇ ಒಂದು ಹೋಲಿಕೆ ಮಾಡಿ ನೋಡೋಣ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ತೂಕದ ಮಿತಿಯನ್ನು ಏರಿಸಿತು. ನಾಲ್ಕು ಟೈರ್ ಇರುವ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು, ಜೋಡಿ ಆಕ್ಸಲ್‌ಗೆ 19 ಇದ್ದದ್ದು 21 ಆಯಿತು. ಇದರ ಪ್ರಕಾರ ಆರು ಚಕ್ರದ ಸಾಮಾನ್ಯ ಲಾರಿ 18.5 ಟನ್ ತೂಗಬಹುದು. ಉದ್ದನೆಯ ಟ್ರೇಲರ್ ಲಾರಿ 55 ಟನ್ ತೂಗಬಹುದು: ಮುಂದೆ 7, ನಡುವಿನ ಜೋಡಿಯಲ್ಲಿ 21, ಹಿಂದಿನ ಮೂರು ಆಕ್ಸಲ್‌ಗಳಲ್ಲಿ 27. ತೂಕದಲ್ಲಿ ಇದು ಮೊದಲನೆಯದರ ಮೂರು ಪಟ್ಟು.

6 ಮೀಟರ್ ಮೋರಿಯ ಮೇಲೆ ಸಣ್ಣ ಲಾರಿ ಹೋದಾಗ ಅದರ ಹಿಂದಿನ ಆಕ್ಸಲ್ ನಡುವೆ ಬಂದಾಗ ಮುಂದಿನದು ಆಗಲೇ ಆಚೆ ದಾಟಿರುತ್ತದೆ. ಬೆಂಡಿಂಗ್ ಮೊಮೆಂಟ್ ಸುಮಾರು 17 ಟನ್-ಮೀಟರ್. ದೊಡ್ಡ ಟ್ರೇಲರ್‌ನ ಹಿಂದಿನ ಮೂರು ಆಕ್ಸಲ್‌ಗಳು 1.3 ಮೀಟರ್ ಅಂತರದಲ್ಲಿವೆ ಎಂದುಕೊಂಡರೆ ಅದು ಕೊಡುವುದು ಸುಮಾರು 29. ಮೂರು ಪಟ್ಟು ತೂಕ, ಆದರೆ ಎರಡು ಪಟ್ಟು ಪರಿಣಾಮವೂ ಇಲ್ಲ. ಮೋರಿಗೆ ಲಾರಿಯ ಒಟ್ಟು ತೂಕ ಗೊತ್ತೇ ಆಗುವುದಿಲ್ಲ. ಒಂದು ಹೊತ್ತಿಗೆ ತನ್ನ ಮೇಲೆ ಇರುವ ಆಕ್ಸಲ್‌ಗಳಷ್ಟೇ ಅದಕ್ಕೆ ಗೊತ್ತು.

ಈಗ ಕ್ಲಾಸ್ ಎ ವಾಹನವನ್ನು ಅದೇ ಮೋರಿಯ ಮೇಲೆ ತಂದರೆ ಸುಮಾರು 28 ಬರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ದಶಕಗಳ ಹಿಂದೆ ಗೊತ್ತುಮಾಡಿದ ಕಾಲ್ಪನಿಕ ವಾಹನಕ್ಕಿಂತ ಇವತ್ತು ಕಾನೂನುಬದ್ಧವಾಗಿ ಓಡುವ ನಿಜವಾದ ಟ್ರೇಲರ್ ಒಂದು ಕೂದಲೆಳೆಯಷ್ಟು ಮುಂದೆ ಹೋಗಿದೆ. 30 ಮೀಟರ್ ಅಂಕಣದ, ಅಂದರೆ ಕಂಬದಿಂದ ಕಂಬಕ್ಕೆ 30 ಮೀಟರ್ ಇರುವ ಸೇತುವೆಯಲ್ಲೂ ಹೀಗೇ. ಕ್ಲಾಸ್ ಎ ಕೊಡುವುದು ಸುಮಾರು 281 ಟನ್-ಮೀಟರ್. ಮೊದಲ ಚಕ್ರದಿಂದ ಕೊನೆಯ ಚಕ್ರಕ್ಕೆ 13 ಮೀಟರ್ ಇರುವ 55 ಟನ್ ಟ್ರೇಲರ್ ಸುಮಾರು 298 ಕೊಡುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ತೂಕ, ಆದರೆ ಟ್ರೇಲರ್ ಗಿಡ್ಡ, ಹಾಗಾಗಿ ಭಾರವೆಲ್ಲ ನಡುವಿಗೆ ಹತ್ತಿರ ಕೂರುತ್ತದೆ. 70 ಆರ್‌ನ 100 ಟನ್ ವಾಹನ ಒಂದೇ 588ರಷ್ಟು ಕೊಡುತ್ತದೆ. ಎರಡು ಕ್ಲಾಸ್ ಎ ಸೇರಿ 562. ಎರಡು ಟ್ರೇಲರ್ ಅಕ್ಕಪಕ್ಕ ಸರಿಯಾಗಿ ಒಂದೇ ಗೆರೆಯಲ್ಲಿ ಬಂದರೆ 597.

ಹಾಗಾದರೆ ಸೇತುವೆಗಳೆಲ್ಲ ಅಪಾಯದಲ್ಲಿವೆಯೇ? ಇಲ್ಲ. ಮೇಲಿನ ಅಂಕಿಗಳಿಗೆ ಇನ್ನೂ ಕುಲುಕಾಟದ ಪಾಲು ಸೇರಿಸಿಲ್ಲ, ಸುರಕ್ಷತೆಯ ಗುಣಕ ಹಾಕಿಲ್ಲ. ಈಗಿನ ನಿಯಮದಲ್ಲಿ ಲೈವ್ ಲೋಡನ್ನು ಒಂದೂವರೆಯಿಂದ ಗುಣಿಸಿ, ಡೆಡ್ ಲೋಡನ್ನು 1.35ರಿಂದ ಗುಣಿಸಿ, ಕಾಂಕ್ರೀಟ್ ಮತ್ತು ಕಬ್ಬಿಣದ ಶಕ್ತಿಯನ್ನು ಇರುವುದಕ್ಕಿಂತ ಕಡಿಮೆ ಎಂದು ಹಿಡಿದು ಗರ್ಡರ್ ವಿನ್ಯಾಸ ಮಾಡುತ್ತಾರೆ. ಕಾನೂನು ಪಾಲಿಸುವ ಲಾರಿ ಆ ಅಂಚಿನೊಳಗೇ ಇರುತ್ತದೆ. ಆದರೆ ಆ ಅಂಚು ಇಟ್ಟಿರುವುದು ಗೊತ್ತಿಲ್ಲದ್ದಕ್ಕೆ, ಗೊತ್ತಿದ್ದೂ ಹೆಚ್ಚು ತುಂಬುವುದಕ್ಕಲ್ಲ. 55 ಟನ್‌ನ ಲಾರಿಗೆ 75 ಟನ್ ತುಂಬಿದವರು ಆ ಅಂಚನ್ನೇ ಸರಕಿನ ಜೊತೆ ಸಾಗಿಸುತ್ತಿದ್ದಾರೆ.

ವೇಗ, ಬ್ರೇಕ್, ಟ್ರಾಫಿಕ್ ಜಾಮ್

‘ಜೋರಾಗಿ ಓಡಿಸಿಕೊಂಡು ಹೋದರೆ ಸೇತುವೆಗೆ ಭಾರ ಗೊತ್ತಾಗೋದರೊಳಗೆ ದಾಟಿಬಿಡಬಹುದು’ ಎಂಬ ನಂಬಿಕೆ ಕೆಲವು ಚಾಲಕರಲ್ಲಿದೆ. ಇದು ತಲೆಕೆಳಗಾದ ಮಾತು. ಓಡುವ ಲಾರಿ ಕುಲುಕುತ್ತದೆ, ಸೇತುವೆಯ ಜಾಯಿಂಟ್ ಮೇಲೆ ಹಾರಿ ಬೀಳುತ್ತದೆ, ಹಾಗಾಗಿ ನಿಂತ ಲಾರಿಗಿಂತ ಹೆಚ್ಚು ಒತ್ತುತ್ತದೆ. ಇದಕ್ಕಾಗಿ ಕಾಂಕ್ರೀಟ್ ಸೇತುವೆಯ ಮೇಲಿನ ಕ್ಲಾಸ್ ಎ ಭಾರಕ್ಕೆ ಒಂದು ಸರಳ ಸೂತ್ರ ಇದೆ: ಅಂಕಣದ ಉದ್ದಕ್ಕೆ 6 ಕೂಡಿಸಿ, 4.5ನ್ನು ಅದರಿಂದ ಭಾಗಿಸಿ. 6 ಮೀಟರ್ ಮೋರಿಗೆ ಶೇ 37.5ರಷ್ಟು ಹೆಚ್ಚುವರಿ ಬರುತ್ತದೆ, 30 ಮೀಟರ್‌ಗೆ ಶೇ 12.5. ದೊಡ್ಡ ಸೇತುವೆಗೆ ಒಂದು ಆಕ್ಸಲ್‌ನ ಕುಲುಕಾಟ ಅಷ್ಟು ತಟ್ಟುವುದಿಲ್ಲ, ಸಣ್ಣ ಮೋರಿಗೆ ತಟ್ಟುತ್ತದೆ. ಮೋರಿಯ ಮುಂದೆ ರಸ್ತೆ ಕುಸಿದು ಗುಂಡಿಯಾಗಿದ್ದರೆ ಅದು ಬರೀ ನಿಮ್ಮ ಬೆನ್ನಿಗಷ್ಟೇ ಕೆಟ್ಟದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಬ್ರೇಕ್ ಹಾಕಿದರೂ ಲೆಕ್ಕ ಇದೆ. ಲೇನ್‌ನಲ್ಲಿರುವ ಮೊದಲ ವಾಹನದ ತೂಕದ ಶೇ 20ರಷ್ಟು ಬಲ ಸೇತುವೆಯನ್ನು ಉದ್ದಕ್ಕೆ ತಳ್ಳುತ್ತದೆ ಎಂದು ಹಿಡಿಯುತ್ತಾರೆ. ಇದು ಗರ್ಡರ್‌ಗಿಂತ ಕೆಳಗಿನ ಬೇರಿಂಗ್ ಮತ್ತು ಕಂಬಗಳ ತಲೆನೋವು.

ಜಾಮ್ ಆದಾಗ ಏನು? ವಾಹನ ನಿಂತಿರುವುದರಿಂದ ಕುಲುಕಾಟ ಇಲ್ಲ, ಆದರೆ ಬಂಪರ್‌ಗೆ ಬಂಪರ್ ತಾಗಿ ನಿಲ್ಲುವುದರಿಂದ ಸೇತುವೆ ತುಂಬಿಹೋಗುತ್ತದೆ. ಸಣ್ಣ ಮೋರಿಗೆ ಇದರಿಂದ ಏನೂ ಆಗದು, ಅದರ ಮೇಲೆ ಎಷ್ಟು ಹಿಡಿಸುತ್ತದೋ ಅಷ್ಟೇ. ಉದ್ದದ ಸೇತುವೆಗೆ ಆಗುತ್ತದೆ. ಕ್ಲಾಸ್ ಎ ಲೆಕ್ಕದಲ್ಲಿ ಒಂದು ವಾಹನದ ಬಾಲಕ್ಕೂ ಇನ್ನೊಂದರ ಮೂತಿಗೂ 18.5 ಮೀಟರ್ ಅಂತರ ಇದೆ. ಬೆಂಗಳೂರಿನ ಯಾವ ಫ್ಲೈಓವರ್ ಮೇಲೆ ಸಂಜೆ ಹೊತ್ತು ಅಷ್ಟು ಅಂತರ ಸಿಕ್ಕೀತು? ಇದನ್ನು ಕಂಡೇ ಸಂಹಿತೆಗೆ ಆಮೇಲೆ ದಟ್ಟಣೆಯ ಗುಣಕವೊಂದನ್ನು ಸೇರಿಸಿದರು. ಇಂಥ ಜಾಗದ ಸೇತುವೆಗೆ ಅಂಕಣದ ಉದ್ದ ನೋಡಿ ಲೈವ್ ಲೋಡನ್ನು 1.15ರಿಂದ 1.70ರವರೆಗೆ ಹೆಚ್ಚಿಸುತ್ತಾರೆ. ಕುಲುಕಾಟದ ಪಾಲನ್ನು ಆಗ ಕೈಬಿಡುತ್ತಾರೆ, ಏಕೆಂದರೆ ಜಾಮ್‌ನಲ್ಲಿ ಯಾರೂ ಜೋರಾಗಿ ಓಡಿಸಲಾರರು.

ಯಾವ ಗರ್ಡರ್‌ಗೆ ಎಷ್ಟು ಪಾಲು?

ಮೇಲಿನದೆಲ್ಲ ಇಡೀ ಸೇತುವೆಯ ಲೆಕ್ಕ. ಆದರೆ ಸೇತುವೆಯ ಅಡಿಯಲ್ಲಿ ನೋಡಿದರೆ ಮೂರೋ ನಾಲ್ಕೋ ಗರ್ಡರ್‌ಗಳು ಸಾಲಾಗಿ ಇರುತ್ತವೆ. ಭಾರ ಅವುಗಳಲ್ಲಿ ಸಮವಾಗಿ ಹಂಚಿಹೋಗುವುದಿಲ್ಲ. ಉತ್ಸವದ ಪಲ್ಲಕ್ಕಿ ಹೊತ್ತವರಿಗೆ ಇದು ಚೆನ್ನಾಗಿ ಗೊತ್ತು. ಮೂರ್ತಿ ನಡುವೆ ಇದ್ದರೆ ಎಲ್ಲರ ಹೆಗಲಿಗೂ ಪಾಲು ಬರುತ್ತದೆ, ಒಂದು ಬದಿಗೆ ವಾಲಿದರೆ ಆ ಬದಿಯವರ ಹೆಗಲು ಇಳಿಯುತ್ತದೆ, ಎದುರು ಬದಿಯವರು ಹಗುರಾಗುತ್ತಾರೆ. ಪಲ್ಲಕ್ಕಿಯ ದಂಡಿಗೆ ಗಟ್ಟಿಯಾಗಿದ್ದಷ್ಟೂ ಹಂಚಿಕೆ ಚೆನ್ನಾಗಿ ಆಗುತ್ತದೆ. ಸೇತುವೆಯಲ್ಲಿ ಆ ದಂಡಿಗೆಯ ಕೆಲಸ ಮಾಡುವುದು ಗರ್ಡರ್‌ಗಳನ್ನು ಅಡ್ಡಕ್ಕೆ ಬೆಸೆಯುವ ಅಡ್ಡ ತೊಲೆಗಳು ಮತ್ತು ಮೇಲಿನ ಚಪ್ಪಡಿ.

ಆದ್ದರಿಂದ ವಾಹನವನ್ನು ಉದ್ದಕ್ಕೆ ಸರಿಸಿದಂತೆ ಅಡ್ಡಕ್ಕೂ ಸರಿಸಿ ನೋಡಬೇಕು. ಕ್ಲಾಸ್ ಎ ವಾಹನದ ಚಕ್ರ ಬದಿಯ ಕರ್ಬ್ ಕಲ್ಲಿಗೆ 15 ಸೆಂಟಿಮೀಟರ್‌ವರೆಗೂ ಬರಬಹುದು. 70 ಆರ್ ವಾಹನ 1.2 ಮೀಟರ್ ದೂರ ಇರಬೇಕು. ಹೀಗಾಗಿ ಒಟ್ಟಾರೆ 70 ಆರ್ ದೊಡ್ಡದಾದರೂ ಹೊರಗಿನ ಗರ್ಡರ್‌ಗೆ ಕೆಲವೊಮ್ಮೆ ಕ್ಲಾಸ್ ಎ ಹೆಚ್ಚು ಕಾಡುತ್ತದೆ. ಎರಡನ್ನೂ ಓಡಿಸಿ ನೋಡಲೇಬೇಕು ಎಂದು ಸಂಹಿತೆ ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಹಂಚಿಕೆಗೆ ಕೂರ್ಬಾನ್ ವಿಧಾನ ಎಂಬ ಸರಳ ದಾರಿಯನ್ನು ಕಲಿಸುತ್ತಾರೆ. ಅದು ಅಡ್ಡ ತೊಲೆಗಳು ಬಗ್ಗುವುದೇ ಇಲ್ಲ ಎಂದು ನಂಬಿ ನಡೆಯುವ ಲೆಕ್ಕ. ಉದ್ದ ಹೆಚ್ಚು, ಅಗಲ ಕಡಿಮೆ ಇರುವ ಸೇತುವೆಗೆ ಹೊಂದುತ್ತದೆ. ಅಗಲ ಹೆಚ್ಚಿದ್ದರೆ, ಓರೆಯಾಗಿದ್ದರೆ, ಜಾಲರಿಯಂತೆ ಮಾದರಿ ಕಟ್ಟಿ ಕಂಪ್ಯೂಟರ್‌ನಲ್ಲೇ ನೋಡುವುದು ಮೇಲು.

ಕಣ್ಣಿಗೆ ಕಂಡದ್ದು ಭಾರವಲ್ಲ

ಹುಲ್ಲು ಹೇರಿಕೊಂಡು ರಸ್ತೆಯ ಎರಡೂ ಬದಿಗೆ ಚಾಚಿಕೊಂಡ ಲಾರಿ ನೋಡಿ ‘ಅಬ್ಬಾ ಎಷ್ಟು ತುಂಬಿದ್ದಾನೆ’ ಎನ್ನುತ್ತೇವೆ. ಅದು ಬೇರೆ ರೀತಿಯಲ್ಲಿ ಅಪಾಯಕಾರಿ ಹೌದು, ಆದರೆ ಸೇತುವೆಯ ಮಟ್ಟಿಗೆ ಹಗುರ. ಬಳ್ಳಾರಿಯ ಕಡೆ ಕಬ್ಬಿಣದ ಅದಿರು ಹೊತ್ತ ಲಾರಿಯ ಡಬ್ಬ ಅರ್ಧ ಖಾಲಿ ಇದ್ದಂತೆ ಕಂಡರೂ ಅದು ಮಿತಿ ಮೀರಿರಬಹುದು. ಅದಿರು ಅಷ್ಟು ತೂಕದ ವಸ್ತು. ಚಿತ್ರದುರ್ಗ, ಗದಗದ ಕಡೆ ಗಾಳಿಯಂತ್ರದ ರೆಕ್ಕೆ ಹೊತ್ತ, ಊರಿನ ತಿರುವಿನಲ್ಲಿ ತಿರುಗಲಾರದೆ ನಿಲ್ಲುವ ಉದ್ದನೆಯ ಟ್ರೇಲರ್‌ಗಳನ್ನು ಕಂಡು ಜನ ಸೇತುವೆಗೆ ಹೆದರುತ್ತಾರೆ. ರೆಕ್ಕೆ ಫೈಬರಿನದು, ಉದ್ದದ ದೃಷ್ಟಿಯಿಂದ ಅದಕ್ಕೆ ತೂಕವೇ ಇಲ್ಲ. ಸೇತುವೆಯನ್ನು ನಿಜವಾಗಿ ಕಾಡುವುದು ವಿದ್ಯುತ್ ಕೇಂದ್ರಕ್ಕೆ ಹೋಗುವ ದೊಡ್ಡ ಟ್ರಾನ್ಸ್‌ಫಾರ್ಮರ್.

ಇಂಥವಕ್ಕಾಗಿಯೇ ಸಂಹಿತೆಯಲ್ಲಿ ವಿಶೇಷ ವಾಹನವೊಂದಿದೆ: ತಲಾ 18 ಟನ್‌ನ 20 ಆಕ್ಸಲ್‌ಗಳ ಟ್ರೇಲರ್, ಎಳೆಯುವ ಎಂಜಿನ್ ಸೇರಿ 385 ಟನ್. ಅದು ಸೇತುವೆಯ ನಡುಗೆರೆಯ ಹತ್ತಿರವೇ ಹೋಗಬೇಕು, ಗಂಟೆಗೆ 5 ಕಿಲೋಮೀಟರ್ ಮೀರಬಾರದು, ಬೇರೆ ವಾಹನ ಆಗ ಸೇತುವೆಯ ಮೇಲೆ ಇರಬಾರದು. ಈ ಷರತ್ತುಗಳನ್ನು ಈಗ ನೀವೇ ಬಿಡಿಸಿ ಹೇಳಬಹುದು. ನಿಧಾನ ಹೋದರೆ ಕುಲುಕಾಟ ಇಲ್ಲ, ನಡುವೆ ಹೋದರೆ ಎಲ್ಲ ಗರ್ಡರ್‌ಗೂ ಪಾಲು, ಪಕ್ಕದಲ್ಲಿ ಯಾರೂ ಇಲ್ಲ.

ಹಳೆಯ ಸೇತುವೆ ಮತ್ತು ಆ ಬೋರ್ಡ್

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಲ್ಲುಕಂಬ, ಕಲ್ಲುತೊಲೆಗಳಿಂದ ಕಟ್ಟಿದರು. ಆಗಿನ ಲೈವ್ ಲೋಡ್ ಎಂದರೆ ಎತ್ತಿನ ಗಾಡಿ, ಕುದುರೆ, ಆನೆ. ಅದರ ಮೇಲೆ ಮುಂದೆ ಬಸ್ಸು ಲಾರಿಗಳೂ ಬಂದವು ಎಂಬುದು ಅಂದಿನವರು ಊಹಿಸಿದ ಸಂಗತಿಯಲ್ಲ. ನಮ್ಮ ಜಿಲ್ಲಾ ರಸ್ತೆಗಳಲ್ಲೂ ಅಂದಿನ ಅಗತ್ಯಕ್ಕೆ ಕಟ್ಟಿದ ಕಿರಿದಾದ ಒಂಟಿ ಲೇನ್ ಮೋರಿಗಳಿವೆ. ಮ್ಯಾಪ್ ಆ್ಯಪ್ ತೋರಿಸಿದ ಅಡ್ಡದಾರಿ ಹಿಡಿದು 55 ಟನ್ ಟ್ರೇಲರ್ ಇವುಗಳ ಮೇಲೆ ಬರುವುದು ಈಗ ಅಪರೂಪವಲ್ಲ.

ಬೋರ್ಡಿನ ಪ್ರಶ್ನೆಗೆ ಬರೋಣ. ಬೋರ್ಡಿನ ಅಂಕಿ ಸೇತುವೆ ಮುರಿಯುವ ಬಿಂದುವಲ್ಲ. ಹಳೆಯ ಸೇತುವೆಯನ್ನು ಪರೀಕ್ಷಿಸಿ, ತುಕ್ಕು ಹಿಡಿದು ಎಷ್ಟು ಕಂಬಿ ಉಳಿದಿದೆ, ಕಾಂಕ್ರೀಟ್ ಹೇಗಿದೆ ಎಂದು ನೋಡಿ, ಅದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಿ, ಸುರಕ್ಷತೆಯ ಅಂಚು ಬಿಟ್ಟು ಬರೆಯುವ ಅಂಕಿ ಅದು. 17 ಟನ್ ಒಮ್ಮೆ ದಾಟಿದರೆ ಬಹುಶಃ ಏನೂ ಆಗದು. ಆ ‘ಏನೂ ಆಗಲಿಲ್ಲ’ವೇ ಮೋಸ. ಉಕ್ಕಿನ ಬೆಸುಗೆಯಲ್ಲಿ ಒತ್ತಡ ಎರಡು ಪಟ್ಟಾದರೆ ಒಂದು ಓಡಾಟ ಮಾಡುವ ಹಾನಿ ಸುಮಾರು ಎಂಟು ಪಟ್ಟಾಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೂಡಿಕೊಳ್ಳುತ್ತಾ ಹೋಗುತ್ತದೆ.

ಅಮೆರಿಕದ ಒಹಾಯೊ ನದಿಯ ಮೇಲೆ 1928ರಲ್ಲಿ ತೆರೆದ ಸಿಲ್ವರ್ ಬ್ರಿಡ್ಜ್ 1967ರ ಡಿಸೆಂಬರ್ 15ರ ಸಂಜೆ ವಾಹನಗಳು ತುಂಬಿದ್ದಾಗ ಕುಸಿದು 46 ಜನ ಸತ್ತರು. ಅಷ್ಟು ಹೊತ್ತಿಗೆ ವಾಹನಗಳು 1928ರಲ್ಲಿದ್ದವಕ್ಕಿಂತ ಬಹಳ ಭಾರವಾಗಿದ್ದವು. ಆದರೆ ತನಿಖೆಯಲ್ಲಿ ಸಿಕ್ಕ ಕಾರಣ, ಸೇತುವೆಯನ್ನು ತೂಗಿಹಿಡಿದಿದ್ದ ಸರಪಳಿಯ ಒಂದು ಪಟ್ಟಿಯಲ್ಲಿ ವರ್ಷಾನುಗಟ್ಟಲೆ ಬೆಳೆದಿದ್ದ ಕೇವಲ 2.5 ಮಿಲಿಮೀಟರ್ ಆಳದ ಬಿರುಕು. ಲಾರಿಯ ತೂಕವೊಂದರಿಂದಲೇ ಸೇತುವೆ ಬೀಳುವುದು ಅಪರೂಪ. ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಹಳೆ ಸೇತುವೆ 2016ರ ಆಗಸ್ಟ್‌ನಲ್ಲಿ ಕೊಚ್ಚಿಹೋದದ್ದು ಪ್ರವಾಹದಲ್ಲಿ. ನಮ್ಮ ಕಾರವಾರದ ಕಾಳಿ ನದಿಯ ನಾಲ್ಕು ದಶಕ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಾಗ ಅದರ ಮೇಲೆ ಇದ್ದದ್ದು ಒಂದು ಲಾರಿ, ಚಾಲಕನನ್ನು ನೀರಿನಿಂದ ಜೀವಂತ ಎತ್ತಿದರು. ಹಗಲು ಹೊತ್ತಿನಲ್ಲಿ, ವಾಹನ ಸಾಲುಗಟ್ಟಿದ್ದಾಗ ಆಗಿದ್ದರೆ ಎಂದು ಯೋಚಿಸಿದವರೇ ಹೆಚ್ಚು. ಆದರೆ ಒಂದೇ ಲಾರಿ ಇರುವಾಗ ಬಿದ್ದ ಸೇತುವೆ ಅದಕ್ಕೂ ಮೊದಲು ಸಾಲುಗಟ್ಟಿದ ಲಾರಿಗಳನ್ನು ಹೊತ್ತು ನಿಂತಿತ್ತು ಎಂಬುದನ್ನೂ ನಾವು ಮರೆಯುವಂತಿಲ್ಲ. ‘ನಿನ್ನೆ ತಡೆಯಿತು’ ಎಂಬುದು ಇವತ್ತಿನ ಪ್ರಮಾಣಪತ್ರ ಆಗದು.

ಇನ್ನು ಆ ಟಿಪ್ಪರ್‌ಗಳ ಫೋಟೊ. ಅವನ್ನು ಎಲ್ಲೆಂದರಲ್ಲಿ ನಿಲ್ಲಿಸಿರುವುದಿಲ್ಲ. ಕಾಲ್ಪನಿಕ ವಾಹನ ಕೊಡುವಷ್ಟೇ ಬೆಂಡಿಂಗ್ ಮೊಮೆಂಟ್ ಬರುವಂತೆ, ವೇ ಬ್ರಿಡ್ಜ್‌ನಲ್ಲಿ ತೂಗಿ, ಯಾವ ಚಕ್ರ ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಿ, ಹಂತ ಹಂತವಾಗಿ ತಂದು ನಿಲ್ಲಿಸುತ್ತಾರೆ. ಓಡಾಡದ ಲಾರಿಗೆ ಅಲ್ಲಿ ಒಂದು ದಿನದ ಮಟ್ಟಿಗೆ ನಿಜವಾದ ದೇಹ ಸಿಗುತ್ತದೆ. ಗರ್ಡರ್ ಎಷ್ಟು ಮಿಲಿಮೀಟರ್ ಇಳಿಯಿತು ಎಂದು ಕೆಳಗಿನಿಂದ ಅಳೆದು, ಲೆಕ್ಕದಲ್ಲಿ ಬಂದಿದ್ದಕ್ಕೆ ಹೋಲಿಸುತ್ತಾರೆ. 24 ಗಂಟೆ ಹಾಗೇ ಬಿಟ್ಟು ಟಿಪ್ಪರ್‌ಗಳನ್ನು ಕಳಿಸಿ, ಮತ್ತೆ 24 ಗಂಟೆ ಕಾಯುತ್ತಾರೆ. ಇಳಿದಿದ್ದರಲ್ಲಿ ಸಾಮಾನ್ಯ ಕಾಂಕ್ರೀಟ್ ಗರ್ಡರ್ ಕನಿಷ್ಠ ಶೇ 75ರಷ್ಟು, ಪ್ರಿಸ್ಟ್ರೆಸ್ಡ್ ಗರ್ಡರ್ ಶೇ 85ರಷ್ಟು ವಾಪಸ್ ಮೇಲೆ ಬಂದಿರಬೇಕು. ಟಿಪ್ಪರ್ ನಿಂತಿದ್ದಾಗ ಫೋಟೊ ತೆಗೆಯುವವರು ಬಹಳ. ಫಲಿತಾಂಶ ಗೊತ್ತಾಗುವುದು ಮಾರನೆಯ ದಿನ, ಖಾಲಿ ಸೇತುವೆಯ ಕೆಳಗೆ ಮೀಟರ್ ಓದುವಾಗ.